ಕರಡಿಬಾಣೆಯ ಬೆಳ್ಳಿ

ಹುಬ್ಬಳ್ಳಿ
12 ಫೆಬ್ರವರಿ 2023

ಶ್ರೀಮತಿ ವಿಮಲಮ್ಮನವರಿಗೆ ನಮಸ್ಕಾರ.

ನನ್ನ ಪರಿಚಯ ನಿಮಗಿಲ್ಲ. ಹೆಸರು ಶಶಿಧರ. ಹುಬ್ಬಳ್ಳಿಯಲ್ಲಿ ಹಳೆಯ ನಾಣ್ಯ, ಪದಕ, ಅಂಚೆಚೀಟಿಗಳ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಕಳೆದ ತಿಂಗಳು ನಿಮ್ಮ ಕಡೆಗೆ ಬಂದಿದ್ದಾಗ, ಸೋಮವಾರಪೇಟೆಯ ಒಬ್ಬ ಬೆಳ್ಳಿ ವ್ಯಾಪಾರಿ ಕರಗಿಸಲೆಂದು ತೆಗೆದಿಟ್ಟಿದ್ದ ಕಾಲುಂಗುರ, ಉಡಿದಾರಗಳ ನಡುವೆ ಒಂದು ನಾಣ್ಯ ಕಣ್ಣಿಗೆ ಬಿತ್ತು. ಒಂದು ಬದಿಯಲ್ಲಿ ಹಣ್ಣು ತುಂಬಿದ ಕಾಫಿ ರೆಂಬೆ. ಇನ್ನೊಂದು ಬದಿಯಲ್ಲಿ ‘ಕರಡಿಬಾಣೆ ಎಸ್ಟೇಟ್, 1914–2014’ ಎಂದು ಅಚ್ಚಾಗಿದೆ. ಅದರ ಕೆಳಗೆ ಕೈಯಿಂದ ಕೆತ್ತಿದ ಒಂದು ಹೆಸರು: ಚನ್ನಬಸಮ್ಮ.

ಖಾಸಗಿಯಾಗಿ ಮಾಡಿಸಿದ ಬೆಳ್ಳಿ ನಾಣ್ಯಗಳು ಬೇಕಾದಷ್ಟಿವೆ. ಬ್ಯಾಂಕು, ಒಡವೆ ಅಂಗಡಿ, ಸಹಕಾರ ಸಂಘ, ಯಾರು ಬೇಕಾದರೂ ದುಡ್ಡು ಕೊಟ್ಟು ಅಚ್ಚು ಹಾಕಿಸಬಹುದು. ಸರ್ಕಾರದ ಟಂಕಸಾಲೆಯದಲ್ಲವಾದ್ದರಿಂದ ಅವನ್ನು ನಾಣ್ಯ ಎನ್ನುವುದೂ ಬಾಯಿಮಾತಿಗಷ್ಟೇ. ಮಾರಲು ಹೋದರೆ ತೂಕದ ಬೆಲೆ ಸಿಗುತ್ತದೆ, ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ. ಆದರೆ ಕೆಲಸಗಾರರ ಹೆಸರನ್ನು ಕೆತ್ತಿಸಿ ಕೊಟ್ಟಿದ್ದನ್ನು ನಾನು ಇದುವರೆಗೆ ಕಂಡಿರಲಿಲ್ಲ.

ಕರಡಿಬಾಣೆಯಲ್ಲಿ ಮಕ್ಕಳ ಬಾಲವಾಡಿ ನಡೆಸುತ್ತಿದ್ದವರು ಈಗ ಮಾದಾಪುರದಲ್ಲಿದ್ದಾರೆ, ಎಸ್ಟೇಟಿನ ಎಲ್ಲರನ್ನೂ ಬಲ್ಲರು ಎಂದು ಆ ವ್ಯಾಪಾರಿ ನಿಮ್ಮ ವಿಳಾಸ ಕೊಟ್ಟರು. ಇಂಥವು ಎಷ್ಟು ಮಾಡಿಸಿದ್ದರು, ಈಗ ಯಾರ ಬಳಿ ಉಳಿದಿವೆ? ಒಬ್ಬೊಬ್ಬರ ಕಥೆಯೂ ನನಗೆ ಬೇಕು. ದಯವಿಟ್ಟು ಕಾಗದದಲ್ಲೇ ಬರೆಯಿರಿ. ನಾಣ್ಯದ ಜೊತೆ ಅದರ ಹಿನ್ನೆಲೆಯೂ ಉಳಿಯಬೇಕು.

ಶಶಿಧರ


ಮಾದಾಪುರ
3 ಮಾರ್ಚ್ 2023

ಶಶಿಧರ ಅವರೇ,

ನಿಮ್ಮ ಕಾಗದ ಓದಿದ ನಮ್ಮ ಯಜಮಾನರು ನಂಜಪ್ಪನವರು, ಇದರಲ್ಲೇನೋ ಮೋಸ ಇರಬೇಕು, ಉತ್ತರ ಬರೆಯಬೇಡ ಎಂದರು. ಕೆಲವು ದಿನ ಸುಮ್ಮನಿದ್ದೆ. ಆದರೆ ಚನ್ನಬಸಮ್ಮನ ಹೆಸರು ಓದಿದ ಮೇಲೆ ಮನಸ್ಸು ತಡೆಯಲಿಲ್ಲ. ಆಕೆ ನಮ್ಮ ಎಸ್ಟೇಟಿಗೆ ಪಿಕ್ಕಿಂಗಿಗೆ, ಅಂದರೆ ಕಾಫಿ ಹಣ್ಣು ಕುಯ್ಯಲು, ಬರುತ್ತಿದ್ದವಳು. ಈಗ ಮಗಳ ಜೊತೆ ಅರಕಲಗೂಡಿನ ಕಡೆ ಇದ್ದಾಳೆ. ನಾಣ್ಯ ಮಾರಿಕೊಂಡದ್ದು ನನಗೆ ತಿಳಿದಿರಲಿಲ್ಲ.

ಆ ನಾಣ್ಯ ಮಾಡಿಸಿದ್ದು ಮಾಲೀಕರ ತಾಯಿಯವರು. ತೋಟಕ್ಕೆ ನೂರು ವರ್ಷ ತುಂಬಿದಾಗ ಎಲ್ಲರಿಗೂ ಊಟ ಹಾಕಿ ಬಟ್ಟೆ ಕೊಟ್ಟರೆ ಸಾಕು ಎಂದು ಮಾಲೀಕರು ಹೇಳಿದ್ದರಂತೆ. ಬಟ್ಟೆ ಹರಿದು ಹೋಗುತ್ತದೆ, ಇವರ ಹೆಸರು ಎಲ್ಲಾದರೂ ಇರಬೇಕು ಎಂದು ಆ ಅಜ್ಜಿ ಹಟ ಹಿಡಿದು ಕೊಯಮತ್ತೂರಿನಿಂದ ಮಾಡಿಸಿ ತರಿಸಿದರು. ಕಾಫಿ ಒಣಗಿಸುವ ಕಣದಲ್ಲಿ ನಮ್ಮನ್ನೆಲ್ಲ ಕೂರಿಸಿ, ಲೆಕ್ಕ ಬರೆಯುವ ರೈಟರ್ ಹೆಸರು ಕರೆದ ಹಾಗೆ ಒಬ್ಬೊಬ್ಬರ ಕೈಗೂ ತಾವೇ ಕೊಟ್ಟರು. ಓದು ಬಾರದ ಹೆಂಗಸರು ನನ್ನ ಬಳಿ ಬಂದು, ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿಕೊಂಡು ಹೋದರು.

ನೂರರ ಮೇಲೆ ಇದ್ದವು. ಈಗ ಎಷ್ಟಿವೆ ಎಂದು ಕೇಳಿದ್ದೀರಿ. 2018ರ ಆಗಸ್ಟ್ ತಿಂಗಳ ಕೊಡಗನ್ನು ನೀವು ಟಿ.ವಿ.ಯಲ್ಲಿ ನೋಡಿರುತ್ತೀರಿ. ಕರಡಿಬಾಣೆಯ ಗುಡ್ಡ ಒಂದು ಬೆಳಿಗ್ಗೆ ಜಾರಿ, ಕೆಳಗಿದ್ದ ಕೂಲಿಯವರ ಲೈನ್ ಮನೆಗಳನ್ನು ಹೊತ್ತುಕೊಂಡು ಹೊಳೆಗೆ ಇಳಿಯಿತು. ಮಳೆಗೆ ಹೆದರಿ ಹಿಂದಿನ ಸಂಜೆಯೇ ಹೆಚ್ಚಿನವರು ಶಾಲೆಯ ಕ್ಯಾಂಪಿಗೆ ಬಂದಿದ್ದರಿಂದ ಜೀವ ಉಳಿಯಿತು. ಉಟ್ಟ ಬಟ್ಟೆ ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಹೋದವರಲ್ಲಿ ಮೂವರು ಇವತ್ತಿಗೂ ಸಿಕ್ಕಿಲ್ಲ. ಮಾಲೀಕರು ತೋಟ ಮಾರಿ ಊರು ಬಿಟ್ಟರು. ನಾಣ್ಯಗಳಲ್ಲಿ ಮುಕ್ಕಾಲು ಪಾಲು ಮಣ್ಣಿನಡಿಯಲ್ಲೇ ಇವೆ.

ಟಿ.ವಿ.ಯವರು ಹೋದ ಮೇಲೆ ಈ ಜನರನ್ನು ಯಾರೂ ಕೇಳಿರಲಿಲ್ಲ. ನೀವು ಒಬ್ಬೊಬ್ಬರ ಕಥೆಯೂ ಬೇಕು ಎಂದಿದ್ದೀರಿ. ಪುಸ್ತಕ ಬರೆಯುತ್ತಿದ್ದೀರಿ ಎಂದುಕೊಂಡಿದ್ದೇನೆ. ಒಳ್ಳೆಯ ಕೆಲಸ, ನನ್ನ ಕೈಲಾದದ್ದನ್ನು ಮಾಡುತ್ತೇನೆ. ಫೋನ್ ನಮ್ಮಲ್ಲೂ ಇದೆ, ಆದರೆ ಇಂಥದ್ದನ್ನು ಫೋನಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ನನ್ನ ಹೆಸರಿನದೂ ಒಂದಿದೆ. ಶಿವರಾತ್ರಿಗೆ ವಿಭೂತಿ ಹಾಕಿ ಉಜ್ಜಿ ಪೂಜೆಗೆ ಇಡುತ್ತೇನೆ. ಕನ್ನಡಿಯ ಹಾಗೆ ಹೊಳೆಯುತ್ತದೆ.

ವಿಮಲಮ್ಮ


ಹುಬ್ಬಳ್ಳಿ
14 ಮಾರ್ಚ್ 2023

ವಿಮಲಮ್ಮನವರೇ,

ನಿಮ್ಮ ಕಾಗದವನ್ನು ಎರಡೆರಡು ಸಲ ಓದಿದೆ. ಇಷ್ಟು ಚೆನ್ನಾಗಿ ಬರೆಯುತ್ತೀರೆಂದು ನಾನು ಎಣಿಸಿರಲಿಲ್ಲ.

ಒಂದು ವಿನಂತಿ. ನಾಣ್ಯವನ್ನು ಇನ್ನು ಮೇಲೆ ಉಜ್ಜಬೇಡಿ. ಬೆಳ್ಳಿಯ ಮೇಲೆ ತಾನಾಗಿ ಕೂತ ಕಪ್ಪೇ ನಮಗೆ ಬೇಕಾದದ್ದು. ಉಜ್ಜಿದಷ್ಟೂ ಅಕ್ಷರ ಸವೆಯುತ್ತದೆ, ಬೆಲೆ ಇಳಿಯುತ್ತದೆ. ತೂತು ಹಾಕಿದ್ದು, ಕೊರಳಿಗೆ ಹಾಕಲು ಕೊಂಡಿ ಬೆಸೆದದ್ದು ಸಂಗ್ರಹ ಮಾಡುವವರ ಲೆಕ್ಕಕ್ಕೇ ಬರುವುದಿಲ್ಲ. ಬೇರೆಯವರಿಗೂ ಇದನ್ನು ಹೇಳಿ.

ಪುಸ್ತಕ ಎಂದಿರಿ. ನೀವು ಬರೆದದ್ದು ಅಚ್ಚಾಗಿ ನೂರಾರು ಜನರ ಕೈ ಸೇರುತ್ತದೆ ಎಂದಷ್ಟೇ ಈಗ ಹೇಳಬಲ್ಲೆ. ಯಾರ ಬಳಿ ನಾಣ್ಯ ಉಳಿದಿದೆ ಎಂದು ವಿಚಾರಿಸುವಿರಾ? ಸಿಗದೆ ಹೋದ ಮೂವರ ಬಗ್ಗೆಯೂ ತಿಳಿಸಿ.

ಶಶಿಧರ


ಮಾದಾಪುರ
20 ಏಪ್ರಿಲ್ 2023

ಶಶಿಧರ ಅವರೇ,

ಸರ್ಕಾರ ಕಟ್ಟಿಕೊಟ್ಟ ಹೊಸ ಮನೆಗಳಲ್ಲಿ ನಮ್ಮ ಕರಡಿಬಾಣೆಯವರು ಈಗ ಇದ್ದಾರೆ. ಎಲ್ಲ ಮನೆಯೂ ಒಂದೇ ಅಚ್ಚಿನವು. ಬಾಗಿಲಿನ ಮುಂದೆ ನೆಟ್ಟ ಗಿಡ ನೋಡಿ ಇದು ಇವರ ಮನೆ ಎಂದು ಗುರುತಿಟ್ಟುಕೊಂಡಿದ್ದೇನೆ. ಎಲ್ಲ ಮನೆಗೂ ಹೋಗಿ ಬಂದೆ. ಹತ್ತು ಹನ್ನೆರಡು ನಾಣ್ಯ ಸಿಕ್ಕಬಹುದು. ಶಾಲೆಗೆ ಓಡಿ ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ಬಂದವರದು ಮಾತ್ರ ಉಳಿದಿದೆ.

ಕೆಂಚಿ ತನ್ನದಕ್ಕೆ ಕೊಂಡಿ ಬೆಸೆಸಿ ಕರಿದಾರದಲ್ಲಿ ಹಾಕಿಕೊಂಡಿದ್ದಾಳೆ. ನಿಮ್ಮ ಲೆಕ್ಕಕ್ಕೆ ಬಾರದ್ದು. ಮುಟ್ಟಬೇಡ ಎಂದು ನಾನು ಅವಳಿಗೆ ಹೇಗೆ ಹೇಳಲಿ? ಅವಳ ಗಂಡ ಬೋಜ ಆ ಮೂವರಲ್ಲಿ ಒಬ್ಬ. ಏಣಿ ಹತ್ತಿ ಕರಿಮೆಣಸು ಕುಯ್ಯುವುದರಲ್ಲಿ ಅವನ ಸಮ ಯಾರೂ ಇರಲಿಲ್ಲ. ಮಳೆಗಾಲಕ್ಕೆ ಮುಂಚೆ ಬಾಲವಾಡಿಯ ಹೆಂಚು ತಾನೇ ಬಂದು ಸರಿಮಾಡಿ ಕೊಡುತ್ತಿದ್ದ, ಹೇಳಿಕಳಿಸಬೇಕಾಗಿರಲಿಲ್ಲ. ಮಗಳು ಶೋಭಿತಾ ನನ್ನ ಬಳಿಯೇ ಅಕ್ಷರ ಕಲಿತವಳು, ಈಗ ಮಡಿಕೇರಿಯಲ್ಲಿ ನರ್ಸಿಂಗ್ ಓದುತ್ತಾಳೆ.

ಆ ಬೆಳಿಗ್ಗೆ ಬೋಜ ಶಾಲೆಯಿಂದ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಗುಡ್ಡ ಬಂತು. ಅವನು ಯಾಕೆ ಹೋದ ಎಂದು ಜನ ಏನೇನೋ ಆಡಿಕೊಳ್ಳುತ್ತಾರೆ. ಅದನ್ನು ನಾನು ಬರೆಯುವುದಿಲ್ಲ, ನೀವೂ ಕೇಳಬೇಡಿ.

ಕೆಂಚಿಯ ಪಕ್ಕದ ಮನೆಯಲ್ಲಿ ಜವರಿ ಅಜ್ಜಿ ಇದ್ದಾಳೆ. ಹೊಳೆಯ ಆಚೆ ಒಂದು ಗುಡಿಸಲು ಹಾಕಿಕೊಂಡು ಎರಡು ಹಸು ಸಾಕಿದ್ದವಳು. ತನ್ನ ನಾಣ್ಯ ಎಲ್ಲಿಟ್ಟೆನೋ ಮರೆತಿದ್ದೇನೆ ಎಂದಳು. ಪುಸ್ತಕಕ್ಕೆ ನನ್ನ ಫೋಟೋ ಬೇಕಾ ಎಂದು ಕೇಳಿ, ಸೀರೆ ಬದಲಾಯಿಸಿ ಬಂದು ಕೂತಳು. ಆ ಫೋಟೋ ಇದರ ಜೊತೆ ಇಟ್ಟಿದ್ದೇನೆ.

ವಿಮಲಮ್ಮ


ಹುಬ್ಬಳ್ಳಿ
28 ಸೆಪ್ಟೆಂಬರ್ 2023

ವಿಮಲಮ್ಮನವರೇ,

ಇಷ್ಟು ತಿಂಗಳು ಉತ್ತರ ಬರೆಯದೆ ಇದ್ದದ್ದಕ್ಕೆ ಬೇಸರಿಸಬೇಡಿ. ಕಾರಣ ಇದರ ಜೊತೆಗಿದೆ. ನೀವು ಅಂದುಕೊಂಡ ಬಗೆಯ ಪುಸ್ತಕವಲ್ಲ, ನಮ್ಮ ಹರಾಜಿನ ಕ್ಯಾಟಲಾಗ್. ಚನ್ನಬಸಮ್ಮನ ನಾಣ್ಯಕ್ಕೆ ಎರಡು ಪುಟ ಕೊಟ್ಟಿದ್ದೇನೆ. ಅಜ್ಜಿ ಕೈಯಾರೆ ಹಂಚಿದ್ದು, ಹೆಂಗಸರು ಬೆರಳಿಟ್ಟು ಹೆಸರು ನೋಡಿದ್ದು, ಗುಡ್ಡ ಜಾರಿದ್ದು, ಎಲ್ಲವೂ ನಿಮ್ಮ ಮಾತುಗಳಲ್ಲೇ ಇವೆ.

ಅದು ಬೆಳ್ಳಿಯ ಬೆಲೆಯ ನಲವತ್ತು ಪಟ್ಟಿಗೆ ಹೋಯಿತು. ಖಾಸಗಿ ನಾಣ್ಯವೊಂದು ಈ ಬೆಲೆಗೆ ಹೋದದ್ದನ್ನು ನಾನು ಕಂಡಿಲ್ಲ. ಮಾಡಿಸಿದ್ದೇ ಕಡಿಮೆ, ಉಳಿದದ್ದು ಇನ್ನೂ ಕಡಿಮೆ, ಇನ್ನು ಮುಂದೆ ಸಿಗುವ ಹಾಗಿಲ್ಲ. ಸಂಗ್ರಹ ಮಾಡುವವನಿಗೆ ಬೇಕಾದದ್ದು ಇದೇ. ಬದುಕಿರುವವರ ಹೆಸರಿನದಕ್ಕೇ ಇಷ್ಟಾದರೆ, ಸಿಗದೆ ಹೋದವರ ಹೆಸರಿನದು ಹೊರಗೆ ಬಂದಾಗ ಏನಾಗಬಹುದು ಎಂದು ಮುಂಬೈಯ ಒಬ್ಬರು ಕೇಳಿದರು.

ಬೋಜನ ವಿಷಯವನ್ನು ನೀವು ಸಂಕೋಚದಿಂದ ಬರೆಯಲಿಲ್ಲ. ಬೆಳ್ಳಿ ವ್ಯಾಪಾರಿಯೇ ಹೇಳಿದರು. ಗೌರವದಿಂದಲೇ ಸೇರಿಸಿದ್ದೇನೆ: ‘ಇಂಥದೇ ತನ್ನ ನಾಣ್ಯವನ್ನು ತರಲೆಂದು ಕುಸಿಯುವ ಗುಡ್ಡಕ್ಕೆ ಮರಳಿದ ಬೋಜನೆಂಬ ಕೂಲಿಯಾಳು ಮತ್ತೆ ಬರಲಿಲ್ಲ.’ ಆ ಒಂದು ಸಾಲು ಇಡೀ ಸಭೆಯನ್ನು ಹಿಡಿದು ನಿಲ್ಲಿಸಿತು.

ಉಳಿದವರು ಕೊಡುವುದಾದರೆ ಒಳ್ಳೆಯ ಬೆಲೆಗೆ ತೆಗೆದುಕೊಳ್ಳುತ್ತೇನೆ. ಅವರಿಗೂ ಅನುಕೂಲವಾಗಲಿ.

ಶಶಿಧರ


ಮಾದಾಪುರ
15 ಅಕ್ಟೋಬರ್ 2023

ಮಾನ್ಯರೇ,

ನಿಮ್ಮ ಕ್ಯಾಟಲಾಗ್ ನನಗೆ ಅಂಚೆಯಲ್ಲಿ ಬರುವ ಮುಂಚೆಯೇ ಆ ಪುಟ ಶೋಭಿತಾಳ ಹಾಸ್ಟೆಲಿಗೆ ಬಂದಿತ್ತು. ಯಾರೋ ಫೋನಿನಲ್ಲಿ ಕಳಿಸಿದ್ದರು. ಇದು ನಿಮ್ಮಪ್ಪನಾ ಎಂದು ಜೊತೆಯ ಹುಡುಗಿಯರು ಕೇಳಿದರಂತೆ. ವಾರದ ನಡುವೆಯೇ ಬಸ್ಸು ಹತ್ತಿ ಬಂದು, ಚೀಲ ಕೆಳಗಿಡದೆ ತಾಯಿಯನ್ನು ಕೇಳಿದಳು: “ಅಪ್ಪ ಬೆಳ್ಳಿಗೋಸ್ಕರ ಹೋಗಿದ್ದಾ?”

ಅದು ಕೆಂಚಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಶಾಲೆಯಲ್ಲಿ ಅವತ್ತು ಯಾರೋ ಒಬ್ಬರು ಹಾಗಿರಬೇಕು ಎಂದರು, ಸಂಜೆಯೊಳಗೆ ಅದೇ ನಿಜವಾಯಿತು. ಪರಿಹಾರದ ಕಾಗದಕ್ಕೆ ಓಡಾಡುವಾಗಲೂ ಅವಳು ಅದೇ ಮಾತನ್ನು ಕೇಳಿದ್ದಾಳೆ. ಊರಿನೊಳಗೆ ನಾಲ್ಕು ಬಾಯಿಯಲ್ಲಿದ್ದದ್ದನ್ನು ನೀವು ಅಚ್ಚು ಹಾಕಿಸಿ ದೇಶಕ್ಕೆಲ್ಲ ಹಂಚಿದಿರಿ.

ಶೋಭಿತಾ ನನ್ನ ಮನೆಗೆ ಬಂದು ಕೇಳಿದ್ದು ಇಷ್ಟೇ: “ಟೀಚರಮ್ಮ, ನೀವು ಬರ್ಕೊಟ್ಟಿದ್ದಾ?”

ಅಲ್ಲ ಎಂದೆ. ಆದರೆ ಆ ಎರಡು ಪುಟದಲ್ಲಿ ಮಿಕ್ಕಿದ್ದೆಲ್ಲ ನನ್ನ ಮಾತೇ. ನಡುವೆ ಈ ಸಾಲು ಕೂತಿರುವುದರಿಂದ ಓದಿದವರಿಗೆಲ್ಲ ಅದೂ ನನ್ನದೇ ಅನ್ನಿಸುತ್ತದೆ. ಕೆಂಚಿಗೂ ಹಾಗೇ ಅನ್ನಿಸಿದೆ. ಈಗ ಎದುರು ಸಿಕ್ಕಿದರೆ ತಲೆ ತಗ್ಗಿಸಿ ಹೋಗುತ್ತಾಳೆ.

ಯಾರೂ ಏನನ್ನೂ ಮಾರುವುದಿಲ್ಲ. ಇನ್ನು ನನಗೆ ಬರೆಯಬೇಡಿ.

ವಿಮಲಮ್ಮ


ಹುಬ್ಬಳ್ಳಿ
2 ನವೆಂಬರ್ 2023

ವಿಮಲಮ್ಮನವರೇ,

ಬರೆಯಬೇಡಿ ಎಂದಿದ್ದೀರಿ, ಆದರೂ ಬರೆಯುತ್ತಿದ್ದೇನೆ. ಆ ಹುಡುಗಿಗೆ ನೋವಾಯಿತೆಂದು ತಿಳಿದು ವ್ಯಥೆಯಾಯಿತು. ಆದರೆ ನಾನು ಸುಳ್ಳು ಕಟ್ಟಲಿಲ್ಲ, ಕೇಳಿದ್ದನ್ನು ಬರೆದೆ. ನಿಮ್ಮ ಊರಿನವರೇ ಹೇಳಿದ್ದು. ಕರಗಿ ಕಾಲುಂಗುರವಾಗಬೇಕಿದ್ದ ನಾಣ್ಯ ಇಂದು ಗಾಜಿನ ಪೆಟ್ಟಿಗೆಯಲ್ಲಿದೆ, ಕರಡಿಬಾಣೆ ಎಂಬ ಹೆಸರನ್ನು ದೂರದವರೂ ಓದುತ್ತಿದ್ದಾರೆ. ಹೆಸರು ಇರಬೇಕು ಎಂದು ಆ ಅಜ್ಜಿ ಬಯಸಿದ್ದೂ ಅದನ್ನೇ ಅಲ್ಲವೇ?

ಸಮಾಧಾನವಾದಾಗ ಒಂದು ಸಾಲು ಬರೆಯಿರಿ.

ಶಶಿಧರ


ಹುಬ್ಬಳ್ಳಿ
9 ಜನವರಿ 2024

ವಿಮಲಮ್ಮನವರೇ,

ನಿಮ್ಮಿಂದ ಉತ್ತರವಿಲ್ಲ. ನಾನು ನಿರೀಕ್ಷಿಸಲೂಬಾರದು. ಒಂದೇ ಒಂದು ವಿಷಯ ತಿಳಿಯಬೇಕಾಗಿದೆ. ಬೋಜ ಎಲೆಯಡಿಕೆ ಹಾಕುತ್ತಿದ್ದನೇ? ಅದಕ್ಕೆ ಡಬ್ಬಿ ಇಟ್ಟುಕೊಂಡಿದ್ದನೇ, ಇಟ್ಟುಕೊಂಡಿದ್ದರೆ ಅದು ಹೇಗಿತ್ತು?

ಯಾಕೆ ಕೇಳುತ್ತಿದ್ದೇನೆಂದು ಈಗ ಹೇಳಲಾರೆ. ಈ ಪ್ರಶ್ನೆಯನ್ನು ಕೆಂಚಿಯವರಿಗೆ ತಿಳಿಸದಿದ್ದರೆ ಒಳ್ಳೆಯದು.

ಶಶಿಧರ


ಮಾದಾಪುರ
26 ಜನವರಿ 2024

ಶಶಿಧರ ಅವರೇ,

ನಿಮಗೆ ಬರೆಯಬಾರದೆಂದೇ ಇದ್ದೆ. ಈಗ ಬೇರೆ ದಾರಿ ಇಲ್ಲದೆ ಬರೆಯುತ್ತಿದ್ದೇನೆ.

ಡಿಸೆಂಬರಿನಿಂದ ಕರಡಿಬಾಣೆಗೆ ಜನ ಬರುತ್ತಿದ್ದಾರೆ. ಜೀಪಿನಲ್ಲಿ ಬಂದು, ಕೋಲಿನ ತುದಿಗೆ ತಟ್ಟೆ ಕಟ್ಟಿದಂಥ ಯಂತ್ರವನ್ನು ನೆಲದ ಮೇಲೆ ಆಡಿಸುತ್ತಾರೆ. ಅದು ಕೂಗಿದ ಕಡೆ ಅಗೆಯುತ್ತಾರೆ. ಲೈನ್ ಮನೆಗಳಿದ್ದ ಜಾಗವೆಲ್ಲ ಈಗ ಗುಂಡಿ. ಒಬ್ಬನ ಕೈಯಲ್ಲಿ ನಿಮ್ಮ ಕ್ಯಾಟಲಾಗಿನ ಪುಟ ಇತ್ತು ಎಂದು ನಮ್ಮ ಯಜಮಾನರು ಕಣ್ಣಾರೆ ನೋಡಿ ಬಂದರು. ಹೊಸ ಮಾಲೀಕರು ಪರ ಊರಿನಲ್ಲಿದ್ದಾರೆ, ಕೇಳುವವರಿಲ್ಲ. ಪೊಲೀಸರು ಬಂದ ದಿನ ಇವರು ಇರುವುದಿಲ್ಲ.

ಅಲ್ಲಿ ಮೂವರು ಮಲಗಿದ್ದಾರೆ. ಕೆಂಚಿ ಈಗ ಕೆಲಸಕ್ಕೆ ಹೋಗುತ್ತಿಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ ಆ ಗುಡ್ಡದ ಬುಡದಲ್ಲಿ ಕೂತಿರುತ್ತಾಳೆ. ನಾನು ಹೋಗಿ ಮನೆಗೆ ಬಾ ಎಂದು ಕರೆದೆ. ನನ್ನ ಜೊತೆ ಮಾತು ಬಿಟ್ಟಿದ್ದವಳು ಅವತ್ತು ಬಾಯಿ ಬಿಟ್ಟಳು: “ನಾನು ಎದ್ದು ಬಂದ್ರೆ ಅವ್ನ ಮೇಲೇ ಗುದ್ದಲಿ ಹಾಕ್ತಾರೆ ಟೀಚರಮ್ಮ. ಎಲ್ಲವ್ನೆ ಅಂತ ನಂಗೂ ಗೊತ್ತಿಲ್ವಲ್ಲ.”

ಕರೆದುಕೊಂಡು ಬಂದವರು ನೀವು. ಇದನ್ನು ನಿಲ್ಲಿಸುವ ದಾರಿಯನ್ನೂ ನೀವೇ ಹುಡುಕಬೇಕು.

ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಹಿತ್ತಾಳೆಯ ಡಬ್ಬಿ ಇತ್ತು. ಮುಚ್ಚಳದ ಕೀಲು ಮುರಿದು ತಂತಿ ಸುತ್ತಿಕೊಂಡಿದ್ದ. ಸದಾ ಸೊಂಟದ ಚೀಲದಲ್ಲಿ ಇರುತ್ತಿತ್ತು. ಮಲಗುವಾಗಲೂ ಬಿಚ್ಚಿಡುತ್ತಿರಲಿಲ್ಲ ಎಂದು ಕೆಂಚಿ ನಗುತ್ತಿದ್ದಳು. ಇದನ್ನು ಯಾಕೆ ಕೇಳಿದಿರಿ? ನನಗೆ ಹೆದರಿಕೆಯಾಗುತ್ತಿದೆ.

ವಿಮಲಮ್ಮ


ಹುಬ್ಬಳ್ಳಿ
3 ಫೆಬ್ರವರಿ 2024

ವಿಮಲಮ್ಮನವರೇ,

ಬೋಜನ ನಾಣ್ಯ ನನ್ನ ಬಳಿ ಇದೆ.

ಡಿಸೆಂಬರ್ ಕೊನೆಗೆ ಕುಶಾಲನಗರದ ಕಡೆಯ ಪ್ರಸಾದ್ ಎಂಬವನು ತಂದುಕೊಟ್ಟ. ಅಗೆಯಲು ಬಂದವರಲ್ಲಿ ಅವನೂ ಒಬ್ಬ. ತಂತಿ ಸುತ್ತಿದ ಹಿತ್ತಾಳೆ ಡಬ್ಬಿ, ಅದರೊಳಗೆ ಕರಿಕಲಾದ ಅಡಿಕೆ ಚೂರುಗಳು, ನಾಣ್ಯ. ಹೆಸರು ಓದಿದಾಗ ಮೊದಲು ನೆನಪಾದದ್ದು ಅದರ ಬೆಲೆ. ದುಃಖವಾಗಲಿಲ್ಲ, ಅದನ್ನು ಮುಚ್ಚಿಟ್ಟು ಬರೆಯಲಾರೆ. ಮುಂಬೈಯವರಿಗೆ ಅಂದೇ ಫೋನ್ ಮಾಡಿದೆ. ಅವರು ಹೇಳಿದ ಬೆಲೆಯಲ್ಲಿ ನನ್ನಂಥವನು ಒಂದು ಅಂಗಡಿ ಕೊಳ್ಳಬಹುದಿತ್ತು. ಡಬ್ಬಿ ಅವನದೇ ಎಂದು ನಿಮ್ಮ ಬಾಯಿಂದ ಬಂದರೆ ಬೆಲೆ ಇನ್ನೂ ಗಟ್ಟಿಯಾಗುತ್ತದೆ ಎಂದು ನಿಮಗೆ ಆ ಪ್ರಶ್ನೆ ಬರೆದೆ.

ನಿಮ್ಮ ಉತ್ತರ ಓದಿದ ಮೇಲೆ ನನಗೆ ಹೊಳೆಯಿತು. ಡಬ್ಬಿ ಸದಾ ಸೊಂಟದಲ್ಲಿತ್ತು, ನಾಣ್ಯ ಡಬ್ಬಿಯಲ್ಲಿತ್ತು. ಶಾಲೆಗೆ ಬಂದಾಗಲೂ ಅದು ಅವನ ಮೈಮೇಲೇ ಇತ್ತು. ತನ್ನ ಬಳಿ ಇರುವುದನ್ನು ತರಲು ಯಾರೂ ಹಿಂದಕ್ಕೆ ಹೋಗುವುದಿಲ್ಲ. ನಾನು ಅಚ್ಚು ಹಾಕಿಸಿದ ಸಾಲು ಸುಳ್ಳು.

ಪ್ರಸಾದನನ್ನು ಕರೆಸಿ ಎಲ್ಲಿ ಅಗೆದೆ ಎಂದು ಕೇಳಿದೆ. ಲೈನ್ ಮನೆಗಳ ಕಡೆ ಅಲ್ಲವಂತೆ, ಹೊಳೆಯ ಆಚೆ ದಂಡೆಯಲ್ಲಿ, ಹಳೆಯ ಕೊಟ್ಟಿಗೆಯ ಕಲ್ಲುಕಂಬಗಳು ಕಾಣುವ ಕಡೆ. ಡಬ್ಬಿಯ ಕೆಳಗೆ ಬಟ್ಟೆ ಕಂಡಿತು, ಇನ್ನೂ ಏನೋ ಕಂಡಿತು, ಹೆದರಿ ಮಣ್ಣು ಎಳೆದು ಮುಚ್ಚಿ ಬಂದೆ ಎಂದ.

ನಾಡಿದ್ದು ಅವನನ್ನು ಕರೆದುಕೊಂಡು ಅಲ್ಲಿಗೆ ಬರುತ್ತೇನೆ. ಡಬ್ಬಿ, ನಾಣ್ಯ ಎರಡನ್ನೂ ಪೊಲೀಸರ ಕೈಗೆ ಒಪ್ಪಿಸುತ್ತೇನೆ. ಅದಕ್ಕೆ ಮುಂಚೆ ಈ ಕಾಗದ ನಿಮ್ಮ ಕೈ ಸೇರಲಿ ಎಂದು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ. ಕೆಂಚಿಯವರಿಗೆ ನೀವೇ ಹೇಳಬೇಕು. ನನಗೆ ಆ ಧೈರ್ಯವಿಲ್ಲ.

ಶಶಿಧರ


ಮಾದಾಪುರ
12 ಮಾರ್ಚ್ 2024

ಶಶಿಧರ ಅವರೇ,

ಅವತ್ತು ಠಾಣೆಯ ಹೊರಗೆ ನೀವು ನಿಂತಿದ್ದಿರಿ. ಕೆಂಚಿ ನಿಮ್ಮನ್ನು ನೋಡಿ ಒಳಗೆ ಹೋದಳು. ಹೇಳಿಕೆ ಬರೆಸಿಕೊಟ್ಟು ನೀವು ಹಾಗೇ ಬಸ್ಸಿಗೆ ಹೋದಿರಿ. ಆ ಮೇಲೆ ನಡೆದದ್ದನ್ನು ನಿಮಗೆ ತಿಳಿಸಬೇಕು.

ನಿಮ್ಮ ಕಾಗದ ಬಂದ ದಿನವೇ ಅವಳ ಮನೆಗೆ ಹೋಗಿ, ಒಲೆಯ ಮುಂದೆ ಕೂತು ಪೂರ್ತಿ ಓದಿ ಹೇಳಿದೆ. ಮುಂಬೈಯ ಬೆಲೆಯ ಮಾತನ್ನೂ ಬಿಡಲಿಲ್ಲ. ಅವಳು ಅಳಲಿಲ್ಲ. ಡಬ್ಬಿಗೆ ತಂತಿ ಇತ್ತಾ ಎಂದು ಮಾತ್ರ ಕೇಳಿದಳು. ಇತ್ತು ಎಂದೆ.

ತಹಶೀಲ್ದಾರರು ನಿಂತು, ಪ್ರಸಾದ ತೋರಿಸಿದ ಜಾಗವನ್ನು ಕೈಯಲ್ಲೇ ಅಗೆಸಿದರು. ಸಿಕ್ಕಿತು. ಹೆಚ್ಚು ಬರೆಯಲಾರೆ. ಶೋಭಿತಾಳ ರಕ್ತ ತೆಗೆದುಕೊಂಡು ಪರೀಕ್ಷೆಗೆ ಕಳಿಸಿದ್ದಾರೆ, ತಿಂಗಳುಗಟ್ಟಲೆ ಆಗುತ್ತದಂತೆ.

ಆ ಕಲ್ಲುಕಂಬ ಜವರಿ ಅಜ್ಜಿಯ ಕೊಟ್ಟಿಗೆಯದು. ಅಜ್ಜಿಯನ್ನೂ ಕರೆದುಕೊಂಡು ಹೋಗಿದ್ದರು. ಹಸುಗಳ ಮಾತು ಅಲ್ಲಿ ಬಂತು. ಗುಡ್ಡ ಜಾರುವ ಹಿಂದಿನ ಸಂಜೆ ಅವಳು ಹಸು ಬಿಚ್ಚಲು ಆಗದೆ ಹಾಗೇ ಬಂದು, ಶಾಲೆಯಲ್ಲಿ ಇಡೀ ರಾತ್ರಿ ಅತ್ತಿದ್ದಳು. ಅದು ನಮಗೆಲ್ಲ ನೆನಪಿದೆ. ಗುಡ್ಡ ಬಂದ ಮಾರನೆಯ ದಿನ ಎರಡೂ ಹಸು ಮಾದಾಪುರದ ರಸ್ತೆಯಲ್ಲಿ ಸಿಕ್ಕಿದ್ದವು. ದೇವರು ಕಾಪಾಡಿದ ಎಂದು ಎಲ್ಲರೂ ಅಂದುಕೊಂಡೆವು. ಇನ್ಸ್‌ಪೆಕ್ಟರ್ ಕೇಳಿದಾಗ ಅಜ್ಜಿ ಹೇಳಿದ್ದು ಇದು: “ಹಗ್ಗ ಕಿತ್ತಿರ್ಲಿಲ್ಲ ಸಾರ್. ಕತ್ತೀಲಿ ಕುಯ್ದಿತ್ತು. ಯಾರು ಕುಯ್ದ್ರು ಅಂತ ನಾನು ಕೇಳ್ಲೇ ಇಲ್ಲ, ಕ್ಯಾಂಪಲ್ಲಿ ಯಾರ್ನ ಕೇಳದು?”

ಹೇಳುತ್ತ ಹೇಳುತ್ತ ಅವಳಿಗೇ ಅರ್ಥವಾಯಿತು. ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು. ಕೆಂಚಿ ಹೋಗಿ ಪಕ್ಕದಲ್ಲಿ ಕೂತಳು. ಇಬ್ಬರನ್ನೂ ಎಬ್ಬಿಸಲು ನಮಗೆ ಆಗಲಿಲ್ಲ.

ಕೆಂಚಿ ನಿಮಗೆ ಒಂದು ಮಾತು ಹೇಳಿಕಳಿಸಿದ್ದಾಳೆ. ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ: “ಮೊದ್ಲು ಯಾರ್ಯಾರಿಗೆ ಕಳ್ಸಿದ್ರೋ ಅಷ್ಟೂ ಜನುಕ್ಕೆ ಇನ್ನೊಂದ್ಸಲ ಬರೀಲಿ. ಇದು ತರಕ್ಕೆ ಹೋಗಿದ್ದಲ್ಲ ಅಂತ ಬರೀಲಿ. ಅಷ್ಟೇ ಸಾಕು.”

ವಿಮಲಮ್ಮ


ಹುಬ್ಬಳ್ಳಿ
30 ಏಪ್ರಿಲ್ 2024

ವಿಮಲಮ್ಮನವರೇ,

ಬರೆದು ಅಚ್ಚು ಹಾಕಿಸಿ, ಕ್ಯಾಟಲಾಗ್ ಹೋದ ಪ್ರತಿ ವಿಳಾಸಕ್ಕೂ ಕಳಿಸಿದ್ದೇನೆ. ಫೋನಿನಲ್ಲಿ ಹರಿದಾಡಿದ ಗುಂಪುಗಳಿಗೂ ಹಾಕಿಸಿದ್ದೇನೆ. ಪ್ರತಿ ಇದರೊಳಗಿದೆ. ಕೆಂಚಿಯವರಿಗೆ ಓದಿ ಹೇಳಿ, ಒಂದು ಪದ ತಪ್ಪಿದ್ದರೂ ತಿಳಿಸಿ:

‘ಕರಡಿಬಾಣೆಯ ನಾಣ್ಯದ ಬಗ್ಗೆ ನಾನು ಪ್ರಕಟಿಸಿದ ಒಂದು ಮಾತು ಸುಳ್ಳು. ಬೋಜ ಎಂಬವರು ನಾಣ್ಯ ತರಲು ಹೋಗಿ ತೀರಿಕೊಂಡವರಲ್ಲ. ನಾಣ್ಯ ಅವರ ಬಳಿಯೇ ಇತ್ತು. ನೆರೆಯವರ ಹಸುಗಳ ಹಗ್ಗ ಕೊಯ್ದು ಬಿಡಿಸಿದ ಕಡೆ ಅವರ ಮೇಲೆ ಗುಡ್ಡ ಬಿತ್ತು. ಅವರ ಹೆಂಡತಿ ಕೆಂಚಿ ಮತ್ತು ಮಗಳು ಶೋಭಿತಾ ಅವರಲ್ಲಿ ಕ್ಷಮೆ ಕೇಳುತ್ತೇನೆ. ಆ ಗುಡ್ಡದಲ್ಲಿ ಇನ್ನೂ ಇಬ್ಬರಿದ್ದಾರೆ. ಅಲ್ಲಿ ಅಗೆದು ತಂದ ಯಾವ ನಾಣ್ಯವನ್ನೂ ನಾನಾಗಲಿ ನನ್ನ ಜೊತೆ ವ್ಯವಹಾರ ಇರುವವರಾಗಲಿ ಕೊಳ್ಳುವುದಿಲ್ಲ. ತಂದವರ ಹೆಸರನ್ನು ಪೊಲೀಸರಿಗೆ ಕೊಡುತ್ತೇವೆ.’

ಕರಡಿಬಾಣೆಯ ನಾಣ್ಯವೇ ಬೇಡ ಎಂದು ಮುಂಬೈಯವರು ಹಿಂದೆ ಸರಿದರು. ಹಸುವಿನ ಕಥೆ ಯಾರಿಗೆ ಬೇಕು ಎಂದರು. ಚನ್ನಬಸಮ್ಮನ ನಾಣ್ಯ ಕೊಂಡವರು ಮೋಸವಾಯಿತೆಂದು ಅದನ್ನು ಹಿಂದಿರುಗಿಸಿದ್ದಾರೆ. ಪೊಲೀಸ್ ಕೇಸಿನ ಸುದ್ದಿ ಹರಡಿದ ಮೇಲೆ ಕರಡಿಬಾಣೆ ಎಂದರೆ ಹರಾಜಿನವರು ಮುಖ ತಿರುಗಿಸುತ್ತಾರೆ. ನನ್ನ ಅಂಗಡಿಗೂ ಹಳಬರು ಬರುವುದು ಕಡಿಮೆಯಾಗಿದೆ. ದೂರು ಹೇಳಿಕೊಳ್ಳುತ್ತಿಲ್ಲ, ಇದ್ದದ್ದನ್ನು ತಿಳಿಸಿದೆ.

ಚನ್ನಬಸಮ್ಮನವರ ವಿಳಾಸ ಕೊಟ್ಟರೆ ಅವರ ನಾಣ್ಯವನ್ನು ಅವರಿಗೇ ಕಳಿಸುತ್ತೇನೆ.

ಶಶಿಧರ


ಮಾದಾಪುರ
10 ನವೆಂಬರ್ 2024

ಶಶಿಧರ ಅವರೇ,

ಪರೀಕ್ಷೆಯ ವರದಿ ಬಂತು, ಬೋಜನೇ. ಕಳೆದ ಭಾನುವಾರ ಮಣ್ಣು ಮಾಡಿದೆವು. ಪೆಟ್ಟಿಗೆ ತುಂಬ ಸಣ್ಣದಿತ್ತು. ಕರಡಿಬಾಣೆಯವರು ಎಲ್ಲೆಲ್ಲಿ ಚದುರಿ ಹೋಗಿದ್ದರೋ ಅಲ್ಲಿಂದೆಲ್ಲ ಬಂದಿದ್ದರು. ಚನ್ನಬಸಮ್ಮನೂ ಅರಕಲಗೂಡಿನಿಂದ ಬಂದಿದ್ದಳು. ಬೆಳ್ಳಿ ಆಸೆಗೆ ಹೋದ ಎಂದು ಆಡಿಕೊಂಡವರೂ ಬಂದು ಒಂದೊಂದು ಹಿಡಿ ಮಣ್ಣು ಹಾಕಿ, ಕೆಂಚಿಯ ಮುಖ ನೋಡದೆ ಹೋದರು. ಜವರಿ ಅಜ್ಜಿಗೆ ನಡೆಯಲು ಆಗುವುದಿಲ್ಲ. ಶೋಭಿತಾ ಮತ್ತು ನಮ್ಮ ಯಜಮಾನರು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬಂದರು.

ಮಣ್ಣು ಮಾಡುವ ದಿನ ನೀವು ಬರಬಹುದೇ ಎಂದು ಆಗಸ್ಟಿನಲ್ಲೇ ಫೋನ್ ಮಾಡಿ ಕೇಳಿದ್ದಿರಿ. ನಾನು ಕೆಂಚಿಯನ್ನು ಕೇಳಿದೆ. ಬೇಡ ಎಂದಳು, ಸಿಟ್ಟಿನಿಂದಲ್ಲ. ನನ್ನ ವಿಷಯ ಹೇಳುವುದಾದರೆ, ನಿಮ್ಮ ಮೇಲಿನ ಬೇಸರ ಪೂರ್ತಿ ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ನೀವು ಡಬ್ಬಿಯನ್ನು ಮಾರಿ ಸುಮ್ಮನಿದ್ದಿದ್ದರೆ ನಮಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನೂ ಮರೆಯುವುದಿಲ್ಲ.

ಈಗ ಗುಡ್ಡಕ್ಕೆ ಯಾರೂ ಬರುತ್ತಿಲ್ಲ. ಗುಂಡಿಗಳಲ್ಲಿ ಈ ಮಳೆಗಾಲದ ಹುಲ್ಲು ಎದ್ದಿದೆ.

ಮಣ್ಣು ಮಾಡಿದ ಮರುದಿನ ಠಾಣೆಯವರು ಸಹಿ ಹಾಕಿಸಿಕೊಂಡು ಡಬ್ಬಿ, ನಾಣ್ಯ ಕೊಟ್ಟು ಹೋದರು. ಕೆಂಚಿ ನಾಣ್ಯವನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತಳು. ಆ ಮೇಲೆ, ಯಾರಾದರೂ ತೆಗೆದುಕೊಂಡರೆ ಇದಕ್ಕೆ ಈಗ ಎಷ್ಟು ಕೊಡುತ್ತಾರೆ ಎಂದು ನನ್ನನ್ನು ಕೇಳಿದಳು. ಮಾರುವ ಯೋಚನೆ ಇರಬೇಕು ಎಂದುಕೊಂಡು, ನೀವು ಬರೆದದ್ದನ್ನೆಲ್ಲ ಹೇಳಿದೆ. ಬೆಳ್ಳಿ ಎಷ್ಟು ತೂಗುತ್ತದೋ ಅಷ್ಟು, ಅದಕ್ಕಿಂತ ಹೆಚ್ಚು ಯಾರೂ ಕೊಡುವುದಿಲ್ಲ ಎಂದೆ.

“ಬೆಲೆ ಹಂಗೇ ಇರ್ಲಿ ಟೀಚರಮ್ಮ,” ಎಂದಳು. “ಇನ್ನಿಬ್ರು ಆ ಗುಡ್ಡದಲ್ಲೇ ಮಲ್ಗವ್ರೆ.”

ವಿಮಲಮ್ಮ